ಮೀನು ಹೊಂಡದ ಸಲಹೆಗೆ ಎಷ್ಟು ಚೀಲ ಫೀಡ್ ಕೊಡಬಹುದು?

ಮೀನು ಸಾಕುವವರನ್ನು ಸಲಹೆಗೆ ದುಡ್ಡು ಕೊಡುತ್ತೀರಾ ಎಂದು ಕೇಳಿದರೆ ಮೊದಲು ಸಿಗುವ ಉತ್ತರ ಒಂದೇ: "ಯಾಕೆ ಕೊಡಬೇಕು? ಫೀಡ್ ಕಂಪನಿಯವರು ಬಿಟ್ಟಿಯಾಗಿಯೇ ಬಂದು ಹೇಳಿ ಹೋಗುತ್ತಾರಲ್ಲ." ಈ ಬಿಟ್ಟಿಯ ಲೆಕ್ಕವನ್ನು ಮೊದಲು ಬಿಡಿಸೋಣ. ಫೀಡನ್ನು, ಅಂದರೆ ಮೀನಿನ ಆಹಾರವನ್ನು, ನಗದು ಕೊಟ್ಟು ತಂದರೆ ಒಂದು ದರ, ಮೀನು ಹಿಡಿದ ಮೇಲೆ ಕೊಡುತ್ತೇನೆಂದು ಸಾಲಕ್ಕೆ ತಂದರೆ ಇನ್ನೊಂದು ದರ. ಚೀಲಕ್ಕೆ ಎಷ್ಟು ವ್ಯತ್ಯಾಸವಿದೆ ನೋಡಿ, ಅದನ್ನು ಒಂದು ಬೆಳೆಗೆ ಬೇಕಾಗುವ ಚೀಲಗಳಿಂದ ಗುಣಿಸಿ, ಅಷ್ಟು ತಿಂಗಳಿಗೆ ನ್ಯಾಯವಾಗಿ ಆಗುವ ಬಡ್ಡಿಯನ್ನು ಕಳೆಯಿರಿ. ಉಳಿದದ್ದರಲ್ಲಿ ಡೀಲರನ ಲಾಭವೂ ಇದೆ, ಏರಿಯ ಮೇಲೆ ಬಂದು ನಿಂತು ಸಲಹೆ ಹೇಳುವ ಹುಡುಗನ ಸಂಬಳವೂ ಇದೆ. ಮೀನು ಹಿಡಿದಾಗ ಅದೇ ಡೀಲರಿಗೇ ಮಾರಬೇಕೆಂಬ ಕಟ್ಟಳೆ ಇದ್ದರೆ ದರದಲ್ಲಿ ಬಿಟ್ಟುಕೊಟ್ಟದ್ದನ್ನೂ ಸೇರಿಸಿ. ಹೀಗೆ ಕೂತು ಲೆಕ್ಕ ಹಾಕಿದವರಿಗೆ ತಾವು ಸಲಹೆಗೆ ಆಗಲೇ ದುಡ್ಡು ಕೊಡುತ್ತಿದ್ದೇವೆ ಎಂಬುದು ಗೊತ್ತಾಗುತ್ತದೆ. ಹಾಗಾಗಿ ಕೊಡಬೇಕೋ ಬೇಡವೋ ಎಂಬ ಚರ್ಚೆಗಿಂತ, ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ಎಂಬುದನ್ನು ನೋಡುವುದು ಮುಖ್ಯ.

ಫೀಡ್ ಮಾರುವವರು ಕೊಡುವ ಸಲಹೆಯೆಲ್ಲ ಸುಳ್ಳು ಎಂದು ನಾನು ಹೇಳುವುದಿಲ್ಲ. ಅವರಲ್ಲಿ ಕೆಲಸ ಚೆನ್ನಾಗಿ ಬಲ್ಲವರು ಬೇಕಾದಷ್ಟಿದ್ದಾರೆ. ಆದರೆ "ಮೂರು ದಿನ ಫೀಡ್ ನಿಲ್ಲಿಸಿ" ಎಂಬ ಮಾತು ಎಷ್ಟೋ ಸಲ ಅತ್ಯಂತ ಸರಿಯಾದ ಸಲಹೆ, ಫೀಡ್ ಮಾರುವವರ ಬಾಯಿಂದ ಹೊರಡುವುದು ಅತ್ಯಂತ ಕಷ್ಟವಾದ ಸಲಹೆಯೂ ಅದೇ. ಔಷಧಿ ಮಾರುವವರದ್ದೂ ಹಾಗೆಯೇ. ನೀರಿನಲ್ಲಿ ಅಮೋನಿಯಾ ಹೆಚ್ಚಾಗಿದೆ ಎಂದರೆ, ಅದನ್ನು ಹೀರುತ್ತದೆಂದು ಜಿಯೋಲೈಟ್ ಎಂಬ ಖನಿಜದ ಚೀಲ ಬರುತ್ತದೆ. ಉಪ್ಪುನೀರಿನ ಸಿಗಡಿ ಹೊಂಡದಲ್ಲಿ ನೀರಿನ ಸೋಡಿಯಂ ಮತ್ತಿತರ ಅಯಾನುಗಳೇ ಜಿಯೋಲೈಟಿನ ಜಾಗಗಳನ್ನು ತುಂಬಿಬಿಡುವುದರಿಂದ ಅದು ಅಮೋನಿಯಾವನ್ನು ಹಿಡಿಯುವುದು ತೀರಾ ಕಡಿಮೆ. ಸಿಹಿನೀರಿನ ದೊಡ್ಡ ಹೊಂಡಕ್ಕೂ, ನಿಜಕ್ಕೂ ಪರಿಣಾಮ ಕಾಣುವಷ್ಟು ಹಾಕಲು ಹೊರಟರೆ ಖರ್ಚು ಕೈಮೀರುತ್ತದೆ. ಫೀಡ್ ಕಡಿಮೆ ಮಾಡಿ, ನೀರಿಗೆ ಗಾಳಿ ಬೆರೆಸುವ ಏರೇಟರ್ ಹಾಕಿ ಎಂದು ಹೇಳುವವರಿಗೆ ಅಲ್ಲಿ ಮಾರಲು ಏನೂ ಇರುವುದಿಲ್ಲ. ಅವರ ಮಾತಿಗೆ ಬೇರೆಯಾಗಿ ದುಡ್ಡು ಕೊಡಬೇಕಾಗುವುದು ಈ ಕಾರಣಕ್ಕೆ.

ಎಷ್ಟು ಕೊಡಬಹುದು ಎಂಬುದನ್ನು ಹಣದಲ್ಲಿ ಅಳೆಯುವುದಕ್ಕಿಂತ ಫೀಡ್ ಚೀಲದಲ್ಲಿ ಅಳೆಯುವುದು ಒಳ್ಳೆಯದು. ಯಾವ ದೇಶವಾದರೂ ಫೀಡ್ ಕೊಟ್ಟು ಬೆಳೆಸುವ ಹೊಂಡದಲ್ಲಿ ಖರ್ಚಿನ ಅರ್ಧಕ್ಕಿಂತ ಹೆಚ್ಚು ಸಾಮಾನ್ಯವಾಗಿ ಫೀಡಿಗೇ ಹೋಗುತ್ತದೆ, ಸಲಹೆಯ ಫಲವೂ ಮೊದಲು ಕಾಣಿಸುವುದು ಅಲ್ಲೇ. 3,000 ಕೆಜಿ ಮೀನು ತೆಗೆಯುವ ಹೊಂಡದಲ್ಲಿ ಒಂದು ಕೆಜಿ ಮೀನಿಗೆ 1.8 ಕೆಜಿ ಫೀಡ್ ಬೀಳುತ್ತಿದ್ದರೆ ಒಟ್ಟು 5,400 ಕೆಜಿ ಬೇಕು. ಅದನ್ನು 1.5ಕ್ಕೆ ಇಳಿಸಿದರೆ 4,500 ಕೆಜಿ ಸಾಕು. ಉಳಿತಾಯ 900 ಕೆಜಿ, ಅಂದರೆ 25 ಕೆಜಿಯ 36 ಚೀಲ. ಅದರಲ್ಲಿ 8–10 ಚೀಲದ ಬೆಲೆಯನ್ನು ಸಲಹೆಗಾರರಿಗೆ ಕೊಟ್ಟರೂ ಸಾಕಣೆದಾರರಿಗೆ ಲಾಭವೇ. ಈಗಾಗಲೇ 1.5ರಲ್ಲೇ ಸಾಕುತ್ತಿರುವವರಿಗೆ ಇದೇ ಸೇವೆಯಿಂದ ಅಷ್ಟು ಸಿಗುವುದಿಲ್ಲ. ಅವರು ರೋಗ ಪರೀಕ್ಷೆಗೋ ನೀರಿನ ಪರೀಕ್ಷೆಗೋ ಮಾತ್ರ ದುಡ್ಡು ಕೊಟ್ಟರೆ ಸಾಕು.

ಚಿಕ್ಕ ಹೊಂಡದ ಲೆಕ್ಕ ಬೇರೆ. ಕೀನ್ಯಾ ಸರ್ಕಾರ 2009ರ ಆರ್ಥಿಕ ಉತ್ತೇಜನ ಕಾರ್ಯಕ್ರಮದಲ್ಲಿ ದೇಶದಾದ್ಯಂತ ಸಾವಿರಾರು ಮೀನು ಹೊಂಡಗಳನ್ನು ತೋಡಿಸಿತು. ಒಂದೊಂದೂ 300 ಚದರ ಮೀಟರ್, ತಲಾ 1,000 ಮರಿ. ಅಂಥ ಹೊಂಡದಲ್ಲಿ 800 ಮೀನು ಉಳಿದು, ಒಂದೊಂದು 275 ಗ್ರಾಂ ತೂಗಿದರೆ ಒಟ್ಟು 220 ಕೆಜಿ. ಫೀಡಿನ ಲೆಕ್ಕವನ್ನು 1.8ರಿಂದ 1.5ಕ್ಕೆ ಇಳಿಸಿದರೂ ಉಳಿಯುವುದು 66 ಕೆಜಿ, ಮೂರು ಚೀಲಕ್ಕೂ ಕಡಿಮೆ. ಆ ಮೂರು ಚೀಲವನ್ನು ನಂಬಿ ಯಾವ ಸಲಹೆಗಾರ ತಿಂಗಳಿಗೆರಡು ಸಲ ಅಷ್ಟು ದೂರ ಗಾಡಿ ಓಡಿಸಿಕೊಂಡು ಬಂದಾನು? ಮರಿ ಮತ್ತು ಫೀಡಿನ ಸಹಾಯ ನಿಂತ ಮೇಲೆ ಇಂಥ ಎಷ್ಟೋ ಹೊಂಡಗಳು ಪಾಳುಬಿದ್ದವು. ಆದರೆ ಹತ್ತಿರ ಹತ್ತಿರದ 20 ಹೊಂಡದವರು ಒಟ್ಟಾದರೆ ಅದೇ ಉಳಿತಾಯ 1,320 ಕೆಜಿ, 53 ಚೀಲದ ಸಮೀಪ. ಅಲ್ಲಿಗೆ ಒಬ್ಬರನ್ನು ಬೆಳೆ ಮುಗಿಯುವ ತನಕ ಇಟ್ಟುಕೊಳ್ಳುವ ಮಾತು ಕೈಗೆಟುಕುತ್ತದೆ. ಸಣ್ಣವರಿಗೆ ದುಡ್ಡು ಕೊಡುವ ಶಕ್ತಿಯಿಲ್ಲ ಎಂದು ಸುಮ್ಮನೆ ಹೇಳಿಬಿಡುವುದು ನನಗೆ ಒಪ್ಪಿಗೆಯಾಗದ್ದು ಇದಕ್ಕೇ. ಒಬ್ಬೊಬ್ಬರಾಗಿ ಇಲ್ಲದ ಶಕ್ತಿ ಗುಂಪಿಗೆ ಇರುತ್ತದೆ.

ಇನ್ನು, ಕೊಟ್ಟ ದುಡ್ಡಿಗೆ ಏನು ಕೇಳಿ ಪಡೆಯಬೇಕು? ಹೆಚ್ಚಿನವರು ಮೋಸಹೋಗುವುದು ಇಲ್ಲೇ. ಸಲಹೆಗಾರ ಬಿಸಿಲೇರಿದ ಮೇಲೆ 11 ಗಂಟೆಗೆ ಬರುತ್ತಾರೆ, ಮೀಟರನ್ನು ಅದ್ದುತ್ತಾರೆ, ಆಮ್ಲಜನಕ 7 ಇದೆ, ಚೆನ್ನಾಗಿದೆ ಎಂದು ಬರೆದು ಹೋಗುತ್ತಾರೆ. ಆ ಹೊತ್ತಿನಲ್ಲಿ 7 ಬಾರದೆ ಇನ್ನೇನು ಬರುತ್ತದೆ? ನೀರು ಗಾಢ ಹಸಿರಾಗಿರುವ ಹೊಂಡದಲ್ಲಿ ಬೆಳಗಿನ ಜಾವ 5:30ಕ್ಕೆ ಲೀಟರಿಗೆ 2 ಮಿಲಿಗ್ರಾಂ ಇದ್ದದ್ದು ಮಧ್ಯಾಹ್ನ 3ಕ್ಕೆ 10 ದಾಟುವುದು ಅಪರೂಪವಲ್ಲ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಪಾಚಿ, ಮೀನು, ತಳದ ಕೆಸರು ಮೂರೂ ಸೇರಿ ಅದನ್ನು ಉಸಿರಾಡಿ ಮುಗಿಸುತ್ತವೆ. ಮೀನು ಸಾಯುವುದು ಸೂರ್ಯೋದಯದ ಮುಂಚಿನ ಆ ಒಂದೆರಡು ಗಂಟೆಯಲ್ಲಿ. ಆದ್ದರಿಂದ ಒಪ್ಪಂದದಲ್ಲಿ ಗಂಟೆಯನ್ನು ಬರೆಸಿ: ತಿಂಗಳಿಗೆ ಒಂದು ಭೇಟಿಯಾದರೂ ಸೂರ್ಯೋದಯಕ್ಕೆ ಮುಂಚೆ ಆಗಬೇಕು, ಅಳತೆಯನ್ನು ಮೇಲ್ಪದರದಲ್ಲಿ ಒಮ್ಮೆ, ತಳದಿಂದ ಒಂದಡಿ ಮೇಲೆ ಇನ್ನೊಮ್ಮೆ ತೆಗೆಯಬೇಕು. ಮೀಟರನ್ನು ಏರಿಯ ಮೇಲೆ ನಿಮ್ಮ ಕಣ್ಣೆದುರಿಗೇ ಸರಿಹೊಂದಿಸಲಿ. ಸರಿಹೊಂದಿಸದ ಮೀಟರು ತೋರಿಸುವ ಸಂಖ್ಯೆಯನ್ನು ನಂಬಿ ಫೀಡ್ ಹಾಕುವುದಕ್ಕಿಂತ, ಮೀನು ಮೇಲೆ ಬಂದು ಬಾಯಿ ತೆರೆಯುತ್ತಿವೆಯೇ ಎಂದು ನೀವೇ ನೋಡುವುದು ವಾಸಿ.

ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ವಿಷಯದಲ್ಲೂ ಇದೇ ಹೊತ್ತಿನ ಮಾತು, ಆದರೆ ತಿರುಗಾಮುರುಗಾ. ಅದು ಹಗಲೇರಿದಂತೆ ಏರುವುದರಿಂದ ಬೆಳಿಗ್ಗೆಯಷ್ಟೇ ನೋಡಿದರೆ ಅಪಾಯ ಕಾಣುವುದಿಲ್ಲ, ಮಧ್ಯಾಹ್ನ 3–4ಕ್ಕೂ ನೋಡಬೇಕು. ಅಮೋನಿಯಾ ಕಿಟ್ ತೋರಿಸುವುದು ಒಟ್ಟು ಅಮೋನಿಯಾವನ್ನು. ಅದರಲ್ಲಿ ಮೀನಿಗೆ ಹೆಚ್ಚು ವಿಷವಾಗುವ ಪಾಲು 28 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದಾಗ ಶೇ 1ಕ್ಕೂ ಕಡಿಮೆ, ಪಿಎಚ್ 8ಕ್ಕೆ ಸುಮಾರು ಶೇ 6.5, ಪಿಎಚ್ 9ಕ್ಕೆ ಶೇ 40ರ ಹತ್ತಿರ. ಕಿಟ್ಟಿನಲ್ಲಿ ಅದೇ 1 ಎಂಬ ಸಂಖ್ಯೆ ಬೆಳಿಗ್ಗೆ ನಿರುಪದ್ರವಿ, ಸಂಜೆ ಕಿವಿರು ಸುಡುವಂಥದ್ದು. ಅಮೋನಿಯಾದ ಅಂಕಿಯ ಪಕ್ಕದಲ್ಲಿ ಪಿಎಚ್, ಉಷ್ಣತೆ, ಗಂಟೆ ಮೂರನ್ನೂ ಬರೆಯದ ವರದಿಗೆ ದುಡ್ಡು ಕೊಡಬೇಕಾಗಿಲ್ಲ.

ಅತಿ ಹೆಚ್ಚು ಬೆಲೆಬಾಳುವ ಕೆಲಸ ಮಾತ್ರ ಮೀಟರಿನದ್ದಲ್ಲ, ಬಲೆಯದ್ದು. 5,000 ಮರಿ ಬಿಟ್ಟಿದ್ದೀರಿ. 500 ಸತ್ತಿರಬಹುದು, 4,500 ಇವೆ ಎಂಬ ಅಂದಾಜಿನಲ್ಲಿ ಫೀಡ್ ಹಾಕುತ್ತಿದ್ದೀರಿ. ಸರಾಸರಿ ತೂಕ 400 ಗ್ರಾಂ, ಒಟ್ಟು 1,800 ಕೆಜಿ, ಶೇ 2.5ರಂತೆ ದಿನಕ್ಕೆ 45 ಕೆಜಿ ಫೀಡ್. ನಿಜಕ್ಕೂ ಉಳಿದಿರುವುದು 3,500 ಆದರೆ ಬೇಕಾದದ್ದು 35 ಕೆಜಿ ಮಾತ್ರ. ದಿನಕ್ಕೆ 10 ಕೆಜಿ ಕೆಸರಿಗೆ ಬೀಳುತ್ತಿದೆ. ತಿಂಗಳಿಗೆ 300 ಕೆಜಿ, 12 ಚೀಲ. ಅದು ಬರೀ ನಷ್ಟವಾಗಿ ಮುಗಿಯುವುದಿಲ್ಲ. ತಳದಲ್ಲಿ ಕೊಳೆತು ಆಮ್ಲಜನಕವನ್ನು ತಿನ್ನುತ್ತದೆ, ಅಮೋನಿಯಾವಾಗುತ್ತದೆ, ಆಮೇಲೆ ಔಷಧಿಯ ಖರ್ಚಾಗಿ ಮತ್ತೆ ನಿಮ್ಮ ಕೈಗೇ ಬರುತ್ತದೆ. ಇದನ್ನು ಹಿಡಿಯುವ ಸಲಹೆಗಾರರು ಒಂದೇ ಭೇಟಿಯಲ್ಲಿ ತಮ್ಮ ಇಡೀ ಬೆಳೆಯ ಶುಲ್ಕವನ್ನು ದುಡಿದುಕೊಟ್ಟಂತೆ.

ಅದನ್ನು ಹಿಡಿಯುವ ಕ್ರಮ ಹೀಗೆ. ಬಲೆ ಹಾಕುವ ಬೆಳಿಗ್ಗೆ ಫೀಡ್ ಹಾಕಬಾರದು, ಹೊಟ್ಟೆ ತುಂಬಿದ ಮೀನು ತೂಕವನ್ನೂ ತಪ್ಪಿಸುತ್ತದೆ, ಬೇಗ ಸುಸ್ತಾಗಿಯೂ ಸಾಯುತ್ತದೆ. ಬೀಸುಬಲೆಯನ್ನು ಫೀಡ್ ಹಾಕುವ ಮೂಲೆಯಲ್ಲಷ್ಟೇ ಬೀಸಿದರೆ ದೊಡ್ಡ ಮೀನುಗಳೇ ಸಿಕ್ಕು ಸರಾಸರಿ ಏರಿಬಿಡುತ್ತದೆ. ನಾಲ್ಕು ಜಾಗದಲ್ಲಿ ಬೀಸಿ, ಸಿಕ್ಕಿದ್ದನ್ನೆಲ್ಲ ಎಣಿಸಿ, 50ಕ್ಕೆ ಕಡಿಮೆಯಾಗದಂತೆ ಒಟ್ಟಿಗೆ ತೂಗಬೇಕು. ದೊಡ್ಡದನ್ನು ಆರಿಸಿ ತೂಗುವ ಆಸೆ ಎಲ್ಲರಿಗೂ ಇರುತ್ತದೆ, ಅದನ್ನು ತಡೆಯಬೇಕಾದವರೇ ಸಲಹೆಗಾರರು. ಬೀಸುಬಲೆಯಿಂದ ತೂಕ ಸಿಗುತ್ತದೆ, ಎಷ್ಟು ಮೀನಿವೆ ಎಂಬುದು ಸಿಗುವುದಿಲ್ಲ. ಅದಕ್ಕೆ ತೇಲುವ ಫೀಡಿನ ಸಾಕ್ಷ್ಯ ಬೇಕು. ನೀರು ಸರಿಯಿದ್ದು, ಮೋಡವಿಲ್ಲದ ದಿನ, ಹಾಕಿದ ಫೀಡ್ 20 ನಿಮಿಷದಲ್ಲಿ ಖಾಲಿಯಾಗದೆ ಉಳಿಯುವುದು ಸತತ ಮೂರು ದಿನ ನಡೆದಿದೆ ಎಂದರೆ ನೀವು ಅಂದುಕೊಂಡಷ್ಟು ಮೀನು ಅಲ್ಲಿಲ್ಲ, ಇಲ್ಲವೇ ಅವುಗಳಿಗೆ ಹುಷಾರಿಲ್ಲ. ಎರಡರಲ್ಲಿ ಯಾವುದು ಎಂದು ಬಿಡಿಸಿ ಹೇಳುವುದಕ್ಕೇ ಅವರನ್ನು ಕರೆಸಿರುವುದು.

ಔಷಧಿಯ ಅಳತೆಯಲ್ಲಿ ಆಗುವ ತಪ್ಪು ಹೆಚ್ಚಾಗಿ ಆಳದ ತಪ್ಪು. ತೋಡಿಸಿದಾಗ 6 ಅಡಿ ಇತ್ತು ಎಂದು ಈಗಲೂ ಆರೇ ಅಡಿ ಎನ್ನುತ್ತಾರೆ. ಹೂಳು ತುಂಬಿ, ನೀರು ಇಳಿದು ಸರಾಸರಿ 4 ಅಡಿಗೆ ಬಂದಿರುತ್ತದೆ. ಒಂದು ಎಕರೆಯಲ್ಲಿ 6 ಅಡಿಗೆ ಸುಮಾರು 7,400 ಘನ ಮೀಟರ್ ನೀರು, 4 ಅಡಿಗೆ 4,900. ಲೀಟರಿಗೆ 2 ಮಿಲಿಗ್ರಾಂನಂತೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಬೇಕಾದರೆ ಸುಮಾರು 10 ಕೆಜಿಯ ಜಾಗದಲ್ಲಿ 15 ಕೆಜಿ ಬೀಳುತ್ತದೆ. ಕೋಲು ಹಿಡಿದು ಐದಾರು ಕಡೆ ಆಳ ನೋಡಿ ಸರಾಸರಿ ತೆಗೆಯದೆ "ಎಕರೆಗೆ ಇಷ್ಟು" ಎಂದು ಬಾಯಲ್ಲಿ ಹೇಳುವವರಿಂದ ದೂರ ಇರಿ.

ಇನ್ನೊಂದು ಅಪಾಯವನ್ನು ಯಾರೂ ಹೆಚ್ಚು ಮಾತಾಡುವುದಿಲ್ಲ. ದಿನಕ್ಕೆ ಐದು ಹೊಂಡ ಸುತ್ತುವ ಸಲಹೆಗಾರರ ಬಲೆ, ಬಕೆಟ್, ಗಂಬೂಟುಗಳೇ ರೋಗವನ್ನು ಹೊತ್ತು ತಿರುಗಬಹುದು. ಪ್ರತಿ ಹೊಂಡದವರೂ ತಮ್ಮದೇ ಬೀಸುಬಲೆ ಇಟ್ಟುಕೊಂಡರೆ ಅರ್ಧ ಚಿಂತೆ ಹೋಗುತ್ತದೆ. ಉಳಿದ ಸಾಮಾನನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ, ತೊಳೆದು, ಬಿಸಿಲಿಗೆ ಒಣಗಿಸಿಯೇ ಮುಂದಿನ ಹೊಂಡಕ್ಕೆ ಹೋಗಬೇಕು ಎಂಬ ಸಾಲು ಒಪ್ಪಂದದಲ್ಲಿ ಇರಲಿ. ರೋಗ ಕಂಡ ಹೊಂಡವನ್ನು ಆ ದಿನದ ಕೊನೆಯ ಭೇಟಿಯಾಗಿ ಇಟ್ಟುಕೊಳ್ಳಲಿ. ಪರೀಕ್ಷೆಗೆ ಸತ್ತ ಮೀನು ಕೊಟ್ಟರೆ ಉಪಯೋಗ ಕಡಿಮೆ. ಬೇಸಿಗೆಯಲ್ಲಿ ಕೆಲವೇ ಗಂಟೆಯಲ್ಲಿ ಕಿವಿರು ಕೊಳೆತು ಏನೂ ಓದಲು ಬರುವುದಿಲ್ಲ. ಜೀವವಿರುವ, ಸುಸ್ತಾಗಿ ದಡಕ್ಕೆ ಬಂದ ನಾಲ್ಕೈದು ಮೀನು ಬೇಕು. ಫೋನಿನಲ್ಲಿ ಸತ್ತ ಮೀನಿನ ಫೋಟೋ ನೋಡಿ ಔಷಧಿಯ ಹೆಸರು ಹೇಳುವ ಸೇವೆ ಎಷ್ಟೇ ಅಗ್ಗವಾದರೂ ಅದು ದುಬಾರಿಯೇ. ಫೋನು ಉಪಯೋಗಕ್ಕೆ ಬರುವುದು ಎರಡು ಭೇಟಿಗಳ ನಡುವೆ, ನೀವೇ ತೆಗೆದ ಅಳತೆಗಳನ್ನು ಕಳಿಸಿ ಕೇಳುವುದಕ್ಕೆ.

ದುಡ್ಡು ಕೊಡುವ ಬಗೆ ತಪ್ಪಿದರೆ ಒಳ್ಳೆಯ ಸಲಹೆಗಾರರೂ ಕೆಡುತ್ತಾರೆ. ಭೇಟಿಗೆ ಇಷ್ಟು ಎಂದು ಮಾಡಿಕೊಂಡರೆ ಸಾಕಣೆದಾರರು ಭೇಟಿಯನ್ನೇ ಉಳಿಸಲು ನೋಡುತ್ತಾರೆ, ಮೀನು ಸಾಯಲು ಶುರುವಾದ ಮೇಲೆ ಕರೆಯುತ್ತಾರೆ. ಆಗ ಮಾಡುವುದಕ್ಕೆ ಹೆಚ್ಚು ಉಳಿದಿರುವುದಿಲ್ಲ, ದುಡ್ಡು ಕೊಟ್ಟರೂ ಮೀನು ಹೋಯಿತು ಎಂಬ ಮಾತು ಮಾತ್ರ ಊರೆಲ್ಲ ಹಬ್ಬುತ್ತದೆ. ತೂಕದಲ್ಲಿ ಪಾಲು ಎಂದರೆ ಕೇಳಲು ನ್ಯಾಯವಾಗಿಯೇ ಇದೆ, ಆದರೆ ಫೀಡಿನ ಖರ್ಚು ಸಲಹೆಗಾರರದ್ದಲ್ಲವಲ್ಲ. ಹೆಚ್ಚು ಮರಿ ಬಿಡಿ, ಹೆಚ್ಚು ಫೀಡ್ ಹಾಕಿ ಎಂದು ದೂಡುವುದು ಅವರಿಗೆ ಲಾಭ, ಅಪಾಯ ಪೂರ್ತಿ ಹೊಂಡದವರದ್ದು. ಪಾಲು ಕೊಡಲೇಬೇಕೆಂದಿದ್ದರೆ ಮಾರಾಟದ ಹಣದಲ್ಲಿ ಫೀಡ್ ಮತ್ತು ಮರಿಯ ಖರ್ಚು ಕಳೆದು ಉಳಿದದ್ದರಲ್ಲಿ ಕೊಡಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಸರಿಯಾಗಿ ನಿಲ್ಲುವುದು ಬೆಳೆಗೆ ಇಷ್ಟು ಎಂದು ಗೊತ್ತುಮಾಡಿ ಕಂತಿನಲ್ಲಿ ಕೊಡುವುದು. ಮರಿ ಬಿಡುವ ಹೊತ್ತಿಗೆ ಸುಣ್ಣ, ಗೊಬ್ಬರ, ಮರಿ ಎಂದು ಕೈ ಬರಿದಾಗಿರುತ್ತದೆ, ಆಗ ಹೆಚ್ಚು ಕೇಳಿದರೆ ಯಾರೂ ಸೇರುವುದಿಲ್ಲ. ಹೊಂಡದ ತಯಾರಿ ಮತ್ತು ಮರಿಯ ಪರೀಕ್ಷೆಗೆ ಐದರಲ್ಲಿ ಒಂದು ಭಾಗ, ನಡುವಿನ ತಿಂಗಳುಗಳಲ್ಲಿ ಭೇಟಿಗಳು ನಡೆದಂತೆ ಎರಡು ಭಾಗ, ಮೀನು ಹಿಡಿದು ಲೆಕ್ಕ ಮುಗಿದ ಮೇಲೆ ಉಳಿದ ಎರಡು ಭಾಗ. ಸಲಹೆಗಾರರಿಗೂ ಹೊಟ್ಟೆಯಿದೆ, ಪೂರ್ತಿ ಹಣವನ್ನು ಕೊನೆಗೆ ತಳ್ಳಿದರೆ ಅವರು ಮತ್ತೆ ಔಷಧಿ ಮಾರಾಟಕ್ಕೇ ಇಳಿಯುತ್ತಾರೆ. ಮಾರಾಟದ ಕಮಿಷನ್ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಂಡರೆ ಅದನ್ನು ಶುಲ್ಕದಲ್ಲಿ ಮುರಿದುಕೊಳ್ಳಬೇಕು ಎಂಬುದನ್ನು ಬಾಯಿಮಾತಿಗೆ ಬಿಡದೆ ಬರೆದಿಡಿ.

ಸೇವೆ ಶುರುಮಾಡಲು ಹೊರಡುವ ಸಂಘ ಸಂಸ್ಥೆಗಳು ಮೊದಲು ಒಂದು ಸಮೀಕ್ಷೆ ಮಾಡುತ್ತವೆ. ದುಡ್ಡು ಕೊಡಲು ಸಿದ್ಧರಿದ್ದೀರಾ ಎಂದರೆ ಎದುರಿಗೆ ಕೂತವರು ಮರ್ಯಾದೆಗೆ ಹೌದು ಎನ್ನುತ್ತಾರೆ, ಸಹಾಯಧನ ಬಂದೀತೆಂಬ ನಿರೀಕ್ಷೆಯಲ್ಲಿರುವವರು ಬೇಕೆಂದೇ ಇಲ್ಲ ಎನ್ನುತ್ತಾರೆ. ಎರಡೂ ಅಂಕಿ ಕೆಲಸಕ್ಕೆ ಬಾರದು. ಸೇವೆ ಏನು, ಎಷ್ಟು ಭೇಟಿ, ಎಷ್ಟು ಶುಲ್ಕ ಎಂದು ಒಂದು ಹಾಳೆಯಲ್ಲಿ ಬರೆದು, ಹತ್ತರಲ್ಲಿ ಒಂದು ಭಾಗ ಮುಂಗಡ ಕೊಟ್ಟವರ ಹೆಸರನ್ನಷ್ಟೇ ಎಣಿಸಿ. ಫೀಡ್ ಹಾಕುವವರು ಯಾರೋ ಅವರನ್ನು ಕೇಳಿ. ಬಾಂಗ್ಲಾದೇಶದ ಮನೆ ಹಿತ್ತಲ ಕೊಳಗಳಲ್ಲಿ ಆ ಕೆಲಸ ಬಹಳಷ್ಟು ಹೆಂಗಸರದ್ದು, ಸಲಹೆ ಮಾತ್ರ ಗಂಡಸರ ಕಿವಿಗೆ ಬೀಳುತ್ತದೆ. ಅದೇ ದೇಶದಲ್ಲಿ ಅಲ್ಯುಮಿನಿಯಂ ಪಾತ್ರೆಯಲ್ಲಿ ಮರಿ ಹೊತ್ತು ಹಳ್ಳಿ ಹಳ್ಳಿ ಸುತ್ತುವ ಪಾತಿಲ್‌ವಾಲಾಗಳಿದ್ದಾರೆ. ವಾಯವ್ಯ ಭಾಗದಲ್ಲಿ ಅವರಿಗೇ ತರಬೇತಿ ಕೊಟ್ಟು ಮರಿಯ ಜೊತೆ ಸಲಹೆಯನ್ನೂ ಹಳ್ಳಿಗೆ ಮುಟ್ಟಿಸಿದ್ದು ಒಳ್ಳೆಯ ಕೆಲಸ. ಅಲ್ಲಿಯೂ ಸಲಹೆಯ ಬೆಲೆ ಮರಿಯ ಬೆಲೆಯೊಳಗೇ ಸೇರಿತ್ತು, ಆದರೆ ಮುಂದಿನ ವರ್ಷವೂ ಅದೇ ಬಾಗಿಲಿಗೆ ಬರಬೇಕಾದವರು ತಪ್ಪು ಹೇಳಿ ಉಳಿಯಲಾರರು.

ಎಲ್ಲವನ್ನೂ ಸಾಕಣೆದಾರರ ಜೇಬಿನಿಂದಲೇ ತೆಗೆಸಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಒಬ್ಬರು ದುಡ್ಡು ಕೊಟ್ಟು ಪಡೆದರೂ ಊರಿಗೆಲ್ಲ ತಲುಪಬೇಕಾದ ಮಾಹಿತಿ ಇರುತ್ತದೆ: ಈ ಕಾಲುವೆಯಲ್ಲಿ ರೋಗ ಬಂದಿದೆ, ಈ ಔಷಧಿ ನಿಷೇಧಿಸಿದ್ದು, ಈ ಕಡೆಯ ಮರಿಗಳು ಕೆಟ್ಟಿವೆ. ಅದು ಸರ್ಕಾರದ ಖರ್ಚಿನಲ್ಲೇ ಆಗಬೇಕು. 2002ರ ಜನವರಿಯಲ್ಲಿ ಸಿಗಡಿ ಮತ್ತಿತರ ಸರಕಿನಲ್ಲಿ ಕ್ಲೋರಾಂಫೆನಿಕಾಲ್ ಎಂಬ ಪ್ರತಿಜೀವಕ ಔಷಧಿಯ ಉಳಿಕೆ ಸಿಕ್ಕಿತೆಂದು ಯುರೋಪಿಯನ್ ಒಕ್ಕೂಟ ಚೀನಾದ ಪ್ರಾಣಿಜನ್ಯ ಸರಕನ್ನೇ ತಡೆದಾಗ, ಆ ಔಷಧಿಯನ್ನು ಮುಟ್ಟದವರೂ ನಷ್ಟ ಅನುಭವಿಸಿದರು. ಉಗಾಂಡದ್ದು ಇನ್ನೊಂದು ಪಾಠ. 2001ರಲ್ಲಿ ಶುರುವಾದ ನಾಡ್ಸ್ ಎಂಬ ರಾಷ್ಟ್ರೀಯ ಕೃಷಿ ಸಲಹಾ ಸೇವೆಯಲ್ಲಿ ರೈತರ ಗುಂಪುಗಳೇ ಯಾವ ಕಸುಬಿಗೆ ಸಲಹೆ ಬೇಕೆಂದು ಆರಿಸುತ್ತಿದ್ದವು, ಖಾಸಗಿ ಸಲಹೆಗಾರರು ಗುತ್ತಿಗೆಯ ಮೇಲೆ ಬರುತ್ತಿದ್ದರು. ವಿಚಾರ ಒಳ್ಳೆಯದು. ವರ್ಷಗಳು ಕಳೆದಂತೆ ಹಣ ಸಲಹೆಯಿಂದ ಸಾಮಗ್ರಿ ಹಂಚಿಕೆಯ ಕಡೆ ಜಾರಿತು, 2014ರ ಹೊತ್ತಿಗೆ ಆ ಹಂಚಿಕೆಯೂ ಸೈನಿಕರ ಕೈಗೆ ಹೋಯಿತು. ಪುಕ್ಕಟೆ ಸಾಮಾನು ಬರುತ್ತದೆಂದರೆ ಮಾತಿಗೆ ದುಡ್ಡು ಕೊಡುವವರು ಯಾರು?

ಸಿಗಡಿಯಲ್ಲಿ ಗುಂಪಿನ ದಾರಿ ನಡೆದು ತೋರಿಸಿದ್ದು ಆಂಧ್ರದ ಕರಾವಳಿ. 1990ರ ದಶಕದ ನಡುವಿನಿಂದ ಬಿಳಿಚುಕ್ಕೆ ರೋಗ ಅಲ್ಲಿನ ಹೊಂಡಗಳನ್ನು ಬರಿದು ಮಾಡಿತ್ತು. 2000ದ ದಶಕದ ಆರಂಭದಲ್ಲಿ ಪಶ್ಚಿಮ ಗೋದಾವರಿಯ ಮೊಗಲ್ತೂರಿನಲ್ಲಿ ಒಂದೇ ಕಾಲುವೆಯ ನೀರು ಹಂಚಿಕೊಳ್ಳುವವರನ್ನು ಒಟ್ಟುಗೂಡಿಸಿ ಕೆಲಸ ಶುರುವಾಯಿತು, 2007ರಲ್ಲಿ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರದ ಅಡಿ ನಾಕ್ಸಾ ಎಂಬ ಸಂಸ್ಥೆಯಾಯಿತು. ಸಂಘದವರು ಒಟ್ಟಿಗೆ ಮರಿ ಕೊಳ್ಳುತ್ತಾರೆ, ಮರಿಯಲ್ಲಿ ರೋಗಾಣು ಇದೆಯೇ ಎಂದು ನೋಡುವ ಪಿಸಿಆರ್ ಪರೀಕ್ಷೆಯ ಖರ್ಚು ಹಂಚಿಕೊಳ್ಳುತ್ತಾರೆ, ಒಂದೇ ವಾರದಲ್ಲಿ ಮರಿ ಬಿಡುತ್ತಾರೆ, ರೋಗ ಬಂದವರು ಪಕ್ಕದವರಿಗೆ ತಿಳಿಸದೆ ನೀರು ಹೊರಬಿಡುವುದಿಲ್ಲ. ಕಾಲುವೆಯಲ್ಲಿ ಒಬ್ಬರೇ ದುಡ್ಡು ಕೊಟ್ಟು ಒಳ್ಳೆಯ ಸಲಹೆ ಪಡೆದರೆ ಮೇಲಿನ ಹೊಂಡದವರ ನೀರು ಅದನ್ನು ಅಳಿಸಿಹಾಕುತ್ತದೆ. ಹೀಗಾಗಿ ಸಂಘದ ಶುಲ್ಕವನ್ನು ತಲೆಗೆ ಇಷ್ಟು ಎನ್ನುವ ಬದಲು ಹೊಂಡದ ವಿಸ್ತೀರ್ಣದ ಮೇಲೆ ಹಾಕಿ, ಅತಿ ಚಿಕ್ಕ ಹೊಂಡದವರನ್ನೂ ಒಳಗಿಟ್ಟುಕೊಳ್ಳುವುದು ಎಲ್ಲರಿಗೂ ಕ್ಷೇಮ.

ಕೊನೆಗೆ ಪುಸ್ತಕದ ಮಾತು. ಪ್ರತಿ ಭೇಟಿಗೂ ಕಾರ್ಬನ್ ಹಾಳೆಯಿಟ್ಟು ಎರಡು ಪ್ರತಿ ಬರೆಯಿರಿ, ಒಂದು ಹೊಂಡದವರ ಬಳಿ, ಇನ್ನೊಂದು ಸಲಹೆಗಾರರ ಬಳಿ. ದಿನ, ಗಂಟೆ, ಆಮ್ಲಜನಕ, ಪಿಎಚ್, ಉಷ್ಣತೆ, ನೀರಿನ ಪಾರದರ್ಶಕತೆ, ತೂಗಿದ ಮೀನಿನ ಸಂಖ್ಯೆ, ಸರಾಸರಿ ತೂಕ, ಈಗಿನ ಫೀಡ್, ಹೇಳಿದ ಸಲಹೆ. ಅದರ ಪಕ್ಕದಲ್ಲಿ ಇನ್ನೊಂದು ಕಲಂ ಬಿಡಿ: ಹೇಳಿದ್ದನ್ನು ಮಾಡಿದರೇ, ಯಾವತ್ತು. ಮುಂದಿನ ಭೇಟಿಯಲ್ಲಿ ಇಬ್ಬರೂ ಕೂತು ಅದನ್ನು ತುಂಬಿ ರುಜು ಹಾಕಬೇಕು. ಮೀನು ಹಿಡಿದ ದಿನ ಒಟ್ಟು ಫೀಡನ್ನು ಹೆಚ್ಚಿದ ಮೀನಿನ ತೂಕದಿಂದ ಭಾಗಿಸಿ, ಹಿಂದಿನ ಬೆಳೆಯ ಅಂಕಿಯ ಪಕ್ಕದಲ್ಲಿ ಬರೆಯಿರಿ. ಅಂಕಿ ಇಳಿದಿದ್ದರೆ ಉಳಿದ ಎರಡು ಭಾಗವನ್ನು ಅಂದೇ ಕೊಟ್ಟುಬಿಡಿ. ಇಳಿಯದಿದ್ದರೆ ಹಣ ತಡೆಯುವ ಮೊದಲು ಆ ಕೊನೆಯ ಕಲಮನ್ನು ಇಬ್ಬರೂ ಒಟ್ಟಿಗೆ ಓದಿ.